ಮಗನಿಲ್ಲದ ಗುರು

ಅಕ್ಷತಾ ನಮ್ಮ ಅಂಗಡಿಗೆ ಬಂದದ್ದು ಕನ್ನಡಕಕ್ಕಾಗಿ ಅಲ್ಲ. ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳೇ, "ಹೇಮಲತಾ ಮೇಡಂ ಮೇಲಿದ್ದಾರಾ?" ಎಂದಳು. ಅತ್ತು ಕಣ್ಣು ಊದಿಕೊಂಡಿತ್ತು. ದನಿಯಲ್ಲಿ ಮಾತ್ರ ಇದ್ದದ್ದು ಅಳುವಲ್ಲ, ಸಿಟ್ಟು.

ಪೊಲೀಸರ ಬಳಿ ಒಯ್ಯಲಾಗದ, ಮನೆಯೊಳಗೆ ಇಟ್ಟುಕೊಳ್ಳಲೂ ಆಗದ ಸಂಕಟ ಬಂದರೆ ಅರಸೀಕೆರೆಯ ಜನ ನನ್ನ ಕನ್ನಡಕದಂಗಡಿಯ ಪಕ್ಕದ ಮೆಟ್ಟಿಲು ಹತ್ತುತ್ತಾರೆ. ಮೇಲಿನ ಮನೆಯಲ್ಲಿರುವ ಹೇಮಲತಾ, ನಮ್ಮೆಲ್ಲರ ಹೇಮಕ್ಕ, ವಿಮಾ ಕಂಪನಿಯೊಂದರಲ್ಲಿ ಸುಳ್ಳು ಕ್ಲೇಮುಗಳ ತನಿಖೆ ಮಾಡಿ ನಿವೃತ್ತರಾದವರು. ಗೋದಾಮು ತಾನಾಗಿ ಸುಟ್ಟಿತೋ, ಯಾರಾದರೂ ಸುಟ್ಟರೋ ಎಂದು ಬೂದಿ ಕೆದಕಿಯೇ ಹೇಳುತ್ತಿದ್ದರಂತೆ. ನಾನು ಶಿಲ್ಪಾ. ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಓಡಾಡುವವಳು, ಅವರು ಯೋಚಿಸುವಾಗ ಬಾಯಿ ಮುಚ್ಚಿಕೊಂಡಿರುವುದನ್ನು ಕಷ್ಟಪಟ್ಟು ಕಲಿತವಳು.

"ನಮ್ಮಪ್ಪ ಊಟ ಬಿಟ್ಟು ಮನೆ ಹಿಡಿದಿದ್ದಾರೆ ಮೇಡಂ," ಎಂದಳು ಅಕ್ಷತಾ, ಮೇಲೆ ಹೇಮಕ್ಕನ ಎದುರು ಕೂತು. "ಹಳೇಬೀಡಿನಲ್ಲಿ ಗೈಡ್ ಅವರು. ಇಂದುಧರ ಅಂತ. ಈಗ ಜನ ಅವರನ್ನ ನೋಡಿ ನಗ್ತಾರೆ. ಬೇಲೂರಿನ ಕಾಲೇಜಲ್ಲಿ ಒಂದು ಉಪನ್ಯಾಸ ಇತ್ತು, ಅದನ್ನೂ ಬೇಡ ಅಂದ್ರು. ಎಲ್ಲಾ ನಮ್ಮ ಆಟದಿಂದ."

"ಯಾವ ಆಟ?"

"ಕಂಪ್ಯೂಟರ್ ಆಟ. ಮಾಡ್ ಅಂತಾರೆ."

"ಮೊದಲಿಂದ ಹೇಳಮ್ಮ. ನನಗೆ ಕಂಪ್ಯೂಟರ್ ಆಟ ಅಂದ್ರೆ ಇಸ್ಪೀಟು ಅಷ್ಟೇ," ಎಂದರು ಹೇಮಕ್ಕ.

ಅವಳು ಬಿಡಿಸಿ ಹೇಳಿದಳು. ವಿದೇಶದ ಯಾರೋ ಮಾಡಿದ, ಊರು ಕಟ್ಟಿ ರಾಜ್ಯ ಆಳುವ ಆಟವೊಂದಿದೆ. ಅದನ್ನು ಆಡುವವರು ತಮಗೆ ಬೇಕಾದ ಹೊಸ ಭಾಗ ಬರೆದು ಸೇರಿಸಬಹುದು. ಅದೇ ಮಾಡ್. ಅಕ್ಷತಾ, ಅವಳ ಗೆಳತಿ ರಮಾ, ಸಹಪಾಠಿ ಹೇಮಂತ್ ಕೂಡಿ ಹೊಯ್ಸಳರ ಕಾಲದ ಒಂದು ಮಾಡ್ ಮಾಡಿದ್ದರು. ಚಿತ್ರಗಳು ರಮಾಳವು. ಮಾತು, ಕತೆ ಅಕ್ಷತಾಳದು. ಆಟ ಹೇಗೆ ನಡೆಯಬೇಕೆಂದು ಕಂಪ್ಯೂಟರಿಗೆ ಹೇಳುವ ಸ್ಕ್ರಿಪ್ಟ್ ಹೇಮಂತನದು. ಇಂದುಧರ ಇತಿಹಾಸದ ಸಲಹೆಗಾರರು.

"ಮೂಲ ಆಟದಲ್ಲಿ ಸಂಶೋಧನೆ ಅನ್ನೋದು ಬರೀ ಅಂಕ. ಅಂಕ ತುಂಬಿದರೆ ಹೊಸ ವಿದ್ಯೆ ಬರುತ್ತೆ. ನಮ್ಮದರಲ್ಲಿ ಹಾಗಲ್ಲ. ವಿದ್ಯೆ ಮನುಷ್ಯರಲ್ಲಿರುತ್ತೆ. ಕಂಬ ಕಡೆಯೋದು ಗೊತ್ತಿರೋ ಗುರು ಶಿಷ್ಯನಿಗೆ ಕಲಿಸಬೇಕು. ಕಲಿಸದೆ ಸತ್ತರೆ ಊರಿಂದಲೇ ಆ ವಿದ್ಯೆ ಹೋಗುತ್ತೆ. ಇಂಥದ್ದು ಬೇರೆ ಯಾರೂ ಮಾಡಿಲ್ಲ ಮೇಡಂ. ಆಟಗಳನ್ನ ಮಾಡೋ ಮೈಸೂರಿನ ಒಂದು ಕಂಪನಿಯವರು ನೋಡೋಕೇ ಬಂದಿದ್ರು."

ಪ್ರದರ್ಶನ ನಡೆದದ್ದು ಬೇಲೂರಿನಲ್ಲಿ, ತುಂಬಿದ ಸಭಾಂಗಣದಲ್ಲಿ. ಅಕ್ಷತಾಳೇ ವೇದಿಕೆಯ ಮೇಲೆ ಕೂತು ಆಡಿದಳು. ಮುದಿ ಗುರುವಿನ ಬಳಿಗೆ ಊರಿನ ಹುಡುಗಿಯೊಬ್ಬಳನ್ನು ಶಿಷ್ಯೆಯಾಗಿ ಕಳಿಸಿದಳು. ಸಂಶೋಧನೆ ಮುಂದೆ ಹೋಗಲಿಲ್ಲ. ಹುಡುಗನನ್ನು ಕಳಿಸಿದಳು, ಆಗಲೂ ಇಲ್ಲ. ಕೊನೆಗೆ ಗುರು ಸತ್ತು ಪರದೆಯ ತುಂಬ ಒಂದು ವಾಕ್ಯ ಬಂತು. ಅಕ್ಷತಾ ತನ್ನ ಫೋನಿನಲ್ಲಿದ್ದ ಚಿತ್ರ ತೋರಿಸಿದಳು:

"ಮಗನಿಲ್ಲದ ಗುರುವಿನ ವಿಧ್ಯೆ ಇಲ್ಲಿಗೆ ಮುಗಿಯಿತು."

ಸಭಾಂಗಣದಲ್ಲಿ ಅರ್ಧಕ್ಕರ್ಧ ಹೆಣ್ಣುಮಕ್ಕಳು. ಕೂಗು ಎದ್ದಿತು. ಮೈಸೂರಿನ ಕಂಪನಿಯಿಂದ ಬಂದಿದ್ದ ಹೆಂಗಸು ಚೀಲ ಎತ್ತಿಕೊಂಡು ಹೊರಟರು. ಗದ್ದಲದ ನಡುವೆಯೇ ಹೇಮಂತ್ ವೇದಿಕೆಗೆ ಬಂದು, "ನನ್ನ ಸ್ಕ್ರಿಪ್ಟ್ ಯಾರೋ ಮುಟ್ಟಿದ್ದಾರೆ," ಎಂದು ಬದಲಾವಣೆಗಳ ದಾಖಲೆ ತೆರೆದ. ಶಿಷ್ಯನಾಗುವವನು ಗುರುವಿನ ಮಗನೇ ಆಗಿರಬೇಕು ಎಂಬ ಒಂದು ಸಾಲು, ಪರದೆಯ ಆ ವಾಕ್ಯದ ಸಮೇತ, ಹಿಂದಿನ ಸಂಜೆ ಸೇರಿತ್ತು. ಸೇರಿಸಿದವರ ಹೆಸರು ಇಂದುಧರ. ಯಾರೋ ಅದನ್ನೆಲ್ಲ ಫೋನಿನಲ್ಲಿ ಹಿಡಿದು ಊರೆಲ್ಲ ಹಂಚಿದರು.

"ನಿಮ್ಮ ತಂದೆ ಹಾಗೆ ಮಾಡುವವರಲ್ಲ ಅಂತ ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ಲ. ಅದಕ್ಕೇ ನಿಮ್ಮ ಹತ್ರ ಬಂದೆ," ಎಂದಳು. "ಅಪ್ಪನಿಗೂ ರಮಾಗೂ ಇದೇ ವಿಷಯಕ್ಕೆ ಹಳೇಬೀಡಿನ ಗುಡಿ ಅಂಗಳದಲ್ಲಿ ದೊಡ್ಡ ಜಗಳ ಆಗಿತ್ತು. ಅಪ್ಪ ಕೊನೆಗೆ ಒಪ್ಪಿದ್ರು. ಒಪ್ಪಿ ಮನಸ್ಸಲ್ಲಿ ಇಟ್ಟುಕೊಂಡಿದ್ರೋ ಏನೋ ಅಂತ ನನಗೂ ಅನುಮಾನ ಬಂತು. ಅದು ಅವರಿಗೆ ಗೊತ್ತಾಯ್ತು."

ಹೇಮಕ್ಕ ಎದ್ದು ಚಪ್ಪಲಿ ಮೆಟ್ಟಿಕೊಂಡರು.

*

ಹಳೇಬೀಡಿಗೆ ಹೋಗುವ ದಾರಿಯಲ್ಲಿ ಸ್ಕೂಟರು ಪಂಕ್ಚರಾಯಿತು. ಬಿಸಿಲಲ್ಲಿ ತಳ್ಳಿ ತಳ್ಳಿ ಸಾಕಾಗಿ ಇಂದುಧರರ ಮನೆ ತಲುಪಿದರೆ ಅವರು ಬಾಗಿಲು ತೆಗೆಯಲೊಲ್ಲರು. "ಪತ್ರಿಕೆಯವರಾದ್ರೆ ಹೋಗಿ," ಎಂದು ಒಳಗಿನಿಂದಲೇ ಅಂದರು. ಬಸ್ಸಿನಲ್ಲಿ ಬಂದಿದ್ದ ಅಕ್ಷತಾ ಬಾಗಿಲು ಬಡಿದು, ಬೈದು, ಕೊನೆಗೆ ಹಿತ್ತಲಿನಿಂದ ಹೋಗಿ ತೆಗೆಸಿದಳು.

ಹಣೆಗೆ ವಿಭೂತಿ, ಮಾಸಿದ ಬನಿಯನ್ನು. ಎಂಥೆಂಥವರಿಗೋ ಕಲ್ಲಿನ ಕತೆ ಹೇಳಿದ ಗಂಟಲು ಈಗ ಒಡೆದಿತ್ತು.

"ಆ ಸಾಲು ನೀವು ಬರೆದಿರಾ?" ಹೇಮಕ್ಕ ನೇರವಾಗಿ ಕೇಳಿದರು.

"ಸ್ಕ್ರಿಪ್ಟ್ ಬರೆಯೋಕೆ ನನಗೆಲ್ಲಿ ಬರುತ್ತಮ್ಮ? ಆದ್ರೆ ಬರಲ್ಲ ಅಂದ್ರೆ ಯಾರು ನಂಬ್ತಾರೆ? ಕನ್ನಡದ ಮಾತುಗಳನ್ನ ಅದರೊಳಗೆ ತುಂಬಿಸ್ತಿದ್ದವನು ನಾನೇ. ಒಂದು ಸಾಲು ಸೇರಿಸೋದು ಅಷ್ಟೇನು ಕಷ್ಟವಲ್ಲ ಅಂತಾರೆ."

"ಜಗಳ ಯಾಕಾಯ್ತು?"

"ರಮಾ ಹೇಳಿದ್ಲು, ಯಾರು ಬೇಕಾದ್ರೂ ಯಾರಿಂದ ಬೇಕಾದ್ರೂ ಕಲೀಬಹುದು ಅಂತಿರಲಿ ಅಂತ. ನಾನು ಅಂದೆ, ಆ ಕಾಲದಲ್ಲಿ ಕುಲಕಸುಬು. ಮಗ ಕಲೀತಿದ್ದ, ಅಳಿಯ ಕಲೀತಿದ್ದ, ಅಕ್ಕನ ಮಗ ಕಲೀತಿದ್ದ. ಮನೆಗೆ ಸೇರಿಸಿಕೊಂಡ ಹುಡುಗನೂ ಕಲೀತಿದ್ದ. ಬೀದೀಲಿ ಹೋಗೋನಿಗೆ ಕಲಿಸ್ತಿರಲಿಲ್ಲ ಅಂತ. ಅವಳು ಅಂದ್ಲು, ಆಗ ಬಾಗಿಲು ಮುಚ್ಚಿತ್ತು ಅಂತ ಆಟದಲ್ಲೂ ಮುಚ್ಚಬೇಕಾ ಸಾರ್ ಅಂತ." ಅವರು ನಿಟ್ಟುಸಿರು ಬಿಟ್ಟರು. "ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಒಪ್ಪಿಕೊಂಡೆ."

"ಪರದೆ ಮೇಲೆ ಬಂದ ವಾಕ್ಯ ನೋಡಿದ್ರಾ?"

"ನಾನು ಹೋಗಿರಲಿಲ್ಲ. ವಿಡಿಯೋ ನೋಡೋ ಧೈರ್ಯ ಬರಲಿಲ್ಲ."

ಹೇಮಕ್ಕ ಫೋನು ಮುಂದೆ ಹಿಡಿದರು. ಇಂದುಧರ ಕನ್ನಡಕ ಏರಿಸಿಕೊಂಡು ನೋಡಿದರು. ಮುಖ ಗಂಟಿಕ್ಕಿತು.

"ವಿದ್ಯೆಗೆ ಯಾಕೆ ಮಹಾಪ್ರಾಣ ಹಾಕಿದ್ದಾರೆ?" ಎಂದರು.

ಅಕ್ಷತಾ ಹಣೆ ಚಚ್ಚಿಕೊಂಡಳು. "ಅಪ್ಪಾ, ಜನ ನಿಮ್ಮ ಮಾನ ತೆಗೀತಿದ್ದಾರೆ. ನೀವು ಕಾಗುಣಿತ ನೋಡ್ತಿದ್ದೀರಲ್ಲ!"

ಹೊರಗೆ ಬಂದ ಮೇಲೆ ನಾನು ಉತ್ಸಾಹದಿಂದ, "ಇವರಲ್ಲ ಬಿಡಿ ಹೇಮಕ್ಕ. ಆ ತಪ್ಪು ಇವರು ಮಾಡೋದಿಲ್ಲ," ಎಂದೆ.

"ಬೇಕಂತಲೇ ತಪ್ಪು ಬರೆಯೋಕೆ ಯಾರಿಗೂ ಅಡ್ಡಿಯಿಲ್ಲ ಶಿಲ್ಪಾ. ಆ ತಪ್ಪು ಅರ್ಧ ಊರೇ ಮಾಡುತ್ತೆ. ನಿನ್ನ ಅಂಗಡಿ ಪಕ್ಕದ ಟ್ಯೂಷನ್ ಬೋರ್ಡಲ್ಲೂ ಹಾಗೇ ಇದೆ." ಸ್ಕೂಟರಿನ ಬಿಸಿ ಸೀಟಿನ ಮೇಲೆ ಕೂತು ಅವರು ಸಿಡುಕಿದರು. "ಅಲ್ಲದೆ ನನಗೆ ಇನ್ನೊಂದು ಅರ್ಥವಾಗ್ತಿಲ್ಲ. ಇದರಿಂದ ಯಾರಿಗೂ ಲಾಭ ಇಲ್ಲವಲ್ಲ. ನಾಲ್ಕು ಜನವೂ ಮುಳುಗಿದ್ದಾರೆ."

*

ಇವರ ತಂಡ ಕೆಲಸ ಮಾಡುತ್ತಿದ್ದದ್ದು ಅರಸೀಕೆರೆಯಲ್ಲಿ, ಕೊಬ್ಬರಿ ಮಂಡಿಯ ಮೇಲಿನ ಒಂದು ಕೋಣೆಯಲ್ಲಿ. ಒಣಕೊಬ್ಬರಿಯ ವಾಸನೆ ಗೋಡೆಗೇ ಹತ್ತಿತ್ತು. ಕಿಟಕಿ ಬದಿಯ ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್ ಒಂದಿತ್ತು. ಇಂದುಧರ ಬಳಸುತ್ತಿದ್ದದ್ದು ಅದನ್ನೇ. ತೆರೆದರೆ ಪಾಸ್‌ವರ್ಡ್ ಕೇಳದೆ ನೇರವಾಗಿ ಅವರ ಹೆಸರಿನಲ್ಲೇ ಒಳಗೆ ಹೋಗುತ್ತಿತ್ತು. ಪ್ರದರ್ಶನದ ಹಿಂದಿನ ಸಂಜೆ ನಾಲ್ವರೂ ಆ ಕೋಣೆಗೆ ಬಂದು ಹೋಗಿದ್ದರು.

"ಅಂದ್ರೆ ಹೆಸರು ಏನನ್ನೂ ಹೇಳಲ್ಲ," ಎಂದು ಹೇಮಕ್ಕ ಮುಚ್ಚಳ ಮುಚ್ಚಿದರು.

ರಮಾ ಪಕ್ಕದ ಗಂಡಸಿ ಊರಿನವಳು. ಅಲ್ಲಿಯ ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಾಳೆ. ಗೋಡೆಯ ಮೇಲೆ ಅವಳು ಬರೆದ ಶಿಲ್ಪಿಗಳ ಮುಖಗಳಿದ್ದವು. ಗುಡಿಯ ಕಲ್ಲಿನ ಮುಖಗಳಲ್ಲ, ಸಂತೆಯಲ್ಲಿ ಕಾಣುವ ಮುಖಗಳು.

"ಅವ್ರ ಮೇಲೆ ಸಿಟ್ಟೈತೆ ಮೇಡಂ," ಎಂದಳು. "ಮುಖದ ಮುಂದೆ ಒಪ್ಪಿ ಹಿಂದಿಂದ ಹಿಂಗ್ಮಾಡಿದ್ರಲ್ಲ ಅಂತ. ಅಂಗಳದಲ್ಲಿ ಒಂದ್ ಗಂಟೆ ವಾದ ಮಾಡಿದ್ದೀವಿ. ಅಳಿಯ ಅಂತೆ, ಸೋದರಳಿಯ ಅಂತೆ, ಸಾಕುಮಗ ಅಂತೆ. ಅವ್ರು ಇನ್ನೊಂದ್ ಬಾಗಿಲು ತೆಗೀತಾನೇ ಇದ್ರು, ನನಗೆ ಪೂರ್ತಿ ಗೋಡೇನೇ ಬೇಡ ಅಂತ ಇತ್ತು."

"ಆ ಜಗಳದಲ್ಲಿ ಹೇಮಂತ್ ಇದ್ದನಾ?"

"ಇಲ್ಲ. ಅವ್ನು ಇಲ್ಲೇ ಕೂತು ಸ್ಕ್ರಿಪ್ಟ್ ರಿಪೇರಿ ಮಾಡ್ತಿದ್ದ. ಅವ್ನ ಕಷ್ಟ ಕೇಳ್ಬೇಡಿ. ಮೂಲ ಆಟದವರು ಅಪ್‌ಡೇಟ್ ಕಳಿಸಿದಾಗೆಲ್ಲ ಇವ್ನು ಕಟ್ಟಿದ್ದು ಬಿದ್ದೋಗೋದು. ಒಂದ್ಸಲ ನಾನು ಆಡಿ ನೋಡುವಾಗ, ಪಾಠದ ಮಧ್ಯ ಗುರು ಸತ್ತ್ರೆ ಆಟ ಪೂರ್ತಿ ನಿಂತೋಗ್ತಿತ್ತು. ಹೇಳ್ದೆ. ಸರಿಮಾಡಿದೀನಿ ಅಂದ."

"ಸರಿಯಾದದ್ದನ್ನ ನೀನು ನೋಡಿದೆಯಾ?"

"ಎಲ್ಲಿ? ಕೊನೇ ದಿನದವರೆಗೂ ಕೈಗೆ ಕೊಡ್ಲಿಲ್ಲ."

ಹೇಮಂತ್ ಸಂಜೆ ಬಂದ. ಗಡ್ಡ ಬಿಟ್ಟಿದ್ದ, ಕಣ್ಣು ಒಳಗೆ ಹೋಗಿತ್ತು. ಹೇಮಕ್ಕನ ಪ್ರಶ್ನೆಗಳಿಗೆ ಬೇಸರದಿಂದಲೇ ಉತ್ತರ ಕೊಟ್ಟ.

"ಇದರಲ್ಲಿ ಪತ್ತೆ ಮಾಡೋಕೆ ಏನಿದೆ ಆಂಟಿ? ಅಂಕಲ್‌ಗೆ ಮೊದಲಿಂದಲೂ ಇಷ್ಟ ಇರಲಿಲ್ಲ. ಗುರುವಿನ ಮಗನಿಗೆ ಮಾತ್ರ ವಿದ್ಯೆ ಅಂತ ಅಷ್ಟು ಜೋರಾಗಿ ಹೇಳಿದ್ರಂತಲ್ಲ. ನಾನು ವರ್ಷಗಟ್ಟಲೆ ಕೂತು ಬರೆದದ್ದು. ಒಂದು ಸಾಲಿನಲ್ಲಿ ಹಾಳಾಯ್ತು."

"ಆ ಸಾಲು ತೆಗೆದರೆ ಸರಿಹೋಗುತ್ತಲ್ಲ?"

"ಹೋಗುತ್ತೆ. ಆದ್ರೆ ಯಾರಿಗೆ ಬೇಕು ಈಗ? ಮುಟ್ಟೋಕೂ ಮನಸ್ಸಿಲ್ಲ. ಹಾಗೇ ಬಿಟ್ಟಿದೀನಿ."

ಮರುದಿನ ಹೇಮಕ್ಕ ಅಕ್ಷತಾಳಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿದರು. ಪ್ರದರ್ಶನಕ್ಕೆ ಆ ಮುದಿ ಗುರುವನ್ನೇ ಯಾಕೆ ಆರಿಸಿದೆ ಎಂದು. ಅಕ್ಷತಾ, "ನಾನೆಲ್ಲಿ ಆರಿಸಿದೆ? ಆಟವನ್ನ ಅಲ್ಲೀವರೆಗೆ ಆಡಿ ಉಳಿಸಿಟ್ಟು ಕೊಟ್ಟವನು ಹೇಮಂತ್. ಆ ಗುರುವಿಗೆ ಸಂಸಾರ ಇಲ್ಲ, ಕತೆ ಚೆನ್ನಾಗಿರುತ್ತೆ ಅಂದಿದ್ದ," ಎಂದಳು.

ಆಮೇಲೆ ಹೇಮಕ್ಕ ಇಡೀ ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ಒಂದೂ ಮಾತಾಡದೆ ಕಡಲೆಕಾಯಿ ಸುಲಿದರು. ನಾನು ಚಡಪಡಿಸಿದೆ. ಕೇಳಿದ್ದಕ್ಕೆ, "ಭಾನುವಾರ ಎಲ್ಲರನ್ನೂ ಆ ಕೋಣೆಗೆ ಕರೆಸು. ಇಂದುಧರರನ್ನ ಎತ್ತಿಕೊಂಡಾದ್ರೂ ಕರೆತಾ," ಎಂದರಷ್ಟೆ.

*

ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿದ ಹೊತ್ತಿಗೇ ಕರೆಂಟು ಹೋಯಿತು. ಫ್ಯಾನಿಲ್ಲದ ಕೋಣೆಯಲ್ಲಿ ಬೆವರುತ್ತಾ ಕೂತೆವು. ಇಂದುಧರ ಬಾಗಿಲ ಬಳಿಯ ಸ್ಟೂಲಿನ ಮೇಲೆ, ಯಾವ ಗಳಿಗೆಯಲ್ಲಾದರೂ ಎದ್ದುಹೋಗುವವರಂತೆ ಕೂತಿದ್ದರು. ರಮಾ ಅವರತ್ತ ನೋಡಲಿಲ್ಲ. ಹೇಮಂತ್ ಗೋಡೆಗೆ ಒರಗಿ ನಿಂತಿದ್ದ. ಕೊನೆಗೆ ಕರೆಂಟು ಬಂದು, ಆಟ ತೆರೆದುಕೊಳ್ಳಲು ಇನ್ನಷ್ಟು ಹೊತ್ತು ಹಿಡಿದು ಹೇಮಕ್ಕನ ತಾಳ್ಮೆ ಅಂಚಿಗೆ ಬಂತು.

"ರಮಾ, ಆ ಒಂದು ಸಾಲು ತೆಗಿ. ಪ್ರದರ್ಶನದಲ್ಲಿ ಆಡಿದ್ದನ್ನೇ ಈಗ ಆಡು."

"ಬೇಡ ಆಂಟಿ," ಎಂದ ಹೇಮಂತ್. "ಅದನ್ನ ತೆಗೆದ್ರೆ ಬೇರೆ ಕಡೆ..." ಮಾತು ಅಲ್ಲೇ ನುಂಗಿದ.

"ಬೇರೆ ಕಡೆ ಏನಪ್ಪಾ?"

ರಮಾ ಸಾಲು ಅಳಿಸಿದಳು. ಪರದೆಯ ಮೇಲೆ ಹುಡುಗಿ ನಡೆದು ಗುರುವಿನ ಮನೆ ಸೇರಿದಳು. ಪಾಠ ಶುರುವಾಯಿತು. ಸಂಶೋಧನೆಯ ಪಟ್ಟಿ ನಿಧಾನವಾಗಿ ತುಂಬತೊಡಗಿತು. ಪಟ್ಟಿ ಅರ್ಧಕ್ಕಿಂತ ಮುಂದೆ ಹೋಯಿತು. ಮುದಿ ಗುರು ಸತ್ತ. ಅಷ್ಟೆ. ಎಲ್ಲವೂ ನಿಂತಿತು. ಎತ್ತಿದ ಉಳಿ ಎತ್ತಿದಂತೆಯೇ ಇತ್ತು. ರಮಾ ಎಲ್ಲ ಗುಂಡಿಗಳನ್ನೂ ಒತ್ತಿದಳು. ಅದು ಕದಲಲಿಲ್ಲ.

"ಇದು ಅದೇ!" ರಮಾ ಎದ್ದು ನಿಂತಳು. "ನಾನು ಹೇಳಿದ್ದು ಇದನ್ನೇ! ಸರಿಮಾಡಿದೀನಿ ಅಂದ್ಯಲ್ಲೋ!"

ಹೇಮಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಇಡೀ ಊರು ಕೇಳಿದ್ದು, ಆಟ ಕೆಡಿಸಬೇಕು ಅಂತ ಯಾರಿಗಿತ್ತು ಅಂತ. ನಾನೂ ಅದನ್ನೇ ಹುಡುಕಿ ಕೆಟ್ಟೆ. ಯಾರಿಗೂ ಇರಲಿಲ್ಲ. ಆಮೇಲೆ ರಮಾ ಹೇಳಿದ ಮಾತು ನೆನಪಾಯ್ತು. ಪಾಠದ ಮಧ್ಯ ಗುರು ಸತ್ತರೆ ಆಟ ನಿಲ್ಲುತ್ತೆ. ಈಗ ಯೋಚನೆ ಮಾಡಿ. ಮಗನೇ ಶಿಷ್ಯನಾಗಬೇಕು, ಗುರುವಿಗೆ ಮಗನೇ ಇಲ್ಲ. ಆಗ ಪಾಠವೇ ಶುರುವಾಗಲ್ಲ. ಪಾಠವೇ ಇಲ್ಲದ ಮೇಲೆ ಪಾಠದ ಮಧ್ಯ ಸಾಯೋದೂ ಇಲ್ಲ. ಆ ಸಾಲು ಬರೆದವನು ಗೋಡೆ ಒಡೆಯೋಕೆ ಬಂದವನಲ್ಲ. ಬಿರುಕು ಮುಚ್ಚೋಕೆ ಬಂದವನು."

ಕೆಳಗೆ ಮಂಡಿಯಲ್ಲಿ ಯಾರೋ ಚೀಲ ಎಣಿಸುವ ದನಿ ಕೇಳುತ್ತಿತ್ತು.

"ಬಿರುಕು ಸರಿಹೋಗಿಲ್ಲ ಅಂತ ಗೊತ್ತಿದ್ದದ್ದು ಒಬ್ಬನಿಗೆ. ಸಂಸಾರವಿಲ್ಲದ ಗುರುವನ್ನ ಪ್ರದರ್ಶನಕ್ಕೆ ಇಟ್ಟುಕೊಟ್ಟದ್ದೂ ಅವನೇ. ಆದ್ರೂ ನಾನು ಅಷ್ಟಕ್ಕೇ ಹೆಸರು ಹೇಳ್ತಿರಲಿಲ್ಲ. ಅವನ ಬಾಯಿಂದಲೇ ಇನ್ನೊಂದು ಮಾತು ಬಂತು." ಹೇಮಕ್ಕ ಇಂದುಧರರತ್ತ ತಿರುಗಿದರು. "ನೀವು ಅಂಗಳದಲ್ಲಿ ಹೇಳಿದ್ದೇನು? ಮಗ, ಅಳಿಯ, ಅಕ್ಕನ ಮಗ, ಮನೆಗೆ ಸೇರಿಸಿಕೊಂಡ ಹುಡುಗ. ರಮಾ ಅದನ್ನೇ ಹೇಳಿದಳು, ಬಯ್ಯುತ್ತಲೇ ಹೇಳಿದಳು. ಅಕ್ಷತಾನೂ ಅಲ್ಲೇ ಇದ್ದಳು. ನಿಮ್ಮ ವಾದವನ್ನ ಜಾರಿಗೆ ತರೋಕೆ ನೀವು ಬರೆದಿದ್ರೆ, ಅಥವಾ ನಿಮ್ಮ ತಲೆಗೆ ಕಟ್ಟೋಕೆ ಈ ಹುಡುಗಿಯರು ಬರೆದಿದ್ರೆ, ಆ ಸಾಲಿನಲ್ಲಿ ಅಳಿಯ ಇರ್ತಿದ್ದ. ಇದ್ದದ್ದು ಮಗ ಒಬ್ಬನೇ. ಜಗಳ ಕಿವಿಯಾರೆ ಕೇಳದವನು ಬರೆದದ್ದು ಅದು. ಹೇಮಂತ್ ನನಗೆ ಏನಂದ? ಮಗನಿಗೆ ಮಾತ್ರ ಅಂತ ಹೇಳಿದ್ರಂತಲ್ಲ, ಅಂದ. ಹೇಳಿದ್ರು ಅಲ್ಲ. ಹೇಳಿದ್ರಂತೆ."

ರಮಾ ಬಾಯಿಗೆ ಕೈಯಿಟ್ಟುಕೊಂಡಳು. "ಅಯ್ಯೋ. ಅಂಗಳದಿಂದಲೇ ಸಿಟ್ಟಲ್ಲಿ ಅವ್ನಿಗೆ ಫೋನ್ ಮಾಡಿದ್ದೆ. ಇವ್ರು ಮಗನಿಗೇ ವಿದ್ಯೆ ಅಂತಾರೆ ಕಣೋ ಅಂತ. ಪೂರ್ತಿ ಹೇಳೋ ಮೊದಲೇ ನೆಟ್‌ವರ್ಕ್ ಹೋಯ್ತು."

"ಮಹಾಪ್ರಾಣದ ಮಾತು ಸಾಕ್ಷಿಯಲ್ಲ, ನನ್ನ ಸಮಾಧಾನಕ್ಕೆ ಅಷ್ಟೆ," ಎಂದರು ಹೇಮಕ್ಕ. "ಮಾನ ಹೋಗಿರುವಾಗಲೂ ಕಾಗುಣಿತ ನೋಡುವ ಮನುಷ್ಯ ಆ ವಾಕ್ಯವನ್ನ ಮೊದಲ ಸಲ ನೋಡ್ತಿದ್ದಾರೆ ಅಂತ ನನಗನ್ನಿಸಿತು."

ಹೇಮಂತ್ ಗೋಡೆಗುಂಟ ಜಾರಿ ನೆಲದ ಮೇಲೆ ಕೂತ.

"ಸತ್ತ ಗುರುವನ್ನ ಆಟ ಅಳಿಸಿಹಾಕುತ್ತೆ. ಅವನ ತಲೇಲಿದ್ದದ್ದನ್ನ ಎಲ್ಲಿಂದ ತೆಗೆದು ಶಿಷ್ಯೆಗೆ ಕೊಡಲಿ? ಸಾಯೋ ಮೊದಲು ಹಿಡಿಯೋಕೆ ಆಟದವರು ದಾರಿ ಬಿಟ್ಟಿಲ್ಲ. ಒಂದು ಕಡೆ ಕಟ್ಟಿದ್ರೆ ಇನ್ನೊಂದು ಕಡೆ ಒಡೀತಿತ್ತು. ಯಾರನ್ನ ಕೇಳಿದ್ರೂ ಆಗಲ್ಲ ಬಿಡು ಅಂದ್ರು. ನೀವೆಲ್ಲ ದಿನಾ ಬಂದು ಆಯ್ತಾ ಅಂತಿದ್ರಿ. ಆಯ್ತು ಅಂದುಬಿಟ್ಟೆ. ಒಂದ್ಸಲ ಅಂದ ಮೇಲೆ ಆಗಿಲ್ಲ ಅನ್ನೋಕೆ ಬಾಯಿ ಬರಲಿಲ್ಲ." ತಲೆ ಎತ್ತಲಿಲ್ಲ. "ಆಟ ನಿಂತುಹೋದ್ರೆ ನನಗೆ ಬರಲ್ಲ ಅಂತ ಗೊತ್ತಾಗುತ್ತೆ. ಯಾರೋ ಕೆಡಿಸಿದ್ರು ಅಂದ್ರೆ ಕಂಪನಿಯವರು ಇನ್ನೊಂದು ಅವಕಾಶ ಕೊಡ್ತಾರೆ ಅನ್ಕೊಂಡೆ. ಅಂಕಲ್ ದೊಡ್ಡವರು, ನಾಲ್ಕು ದಿನ ಬೈತಾರೆ, ಮರೀತಾರೆ ಅಂತ..."

ಅಕ್ಷತಾ ಎದ್ದು ಅವನ ಮುಂದೆ ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ. "ನಮ್ಮಪ್ಪನ ಮೇಲೆ ನಾನೇ ಅನುಮಾನ ಪಟ್ಟೆ ಕಣೋ," ಎಂದಳು.

ಇಂದುಧರ ಸ್ಟೂಲಿನಿಂದ ಎದ್ದರು. ಹೊರಗೆ ಹೋಗುತ್ತಾರೆ ಅಂದುಕೊಂಡರೆ ಪರದೆಯ ಬಳಿಗೆ ಬಂದು, ಉಳಿ ಎತ್ತಿ ನಿಂತೇ ಇದ್ದ ಹುಡುಗಿಯನ್ನು ನೋಡಿದರು.

"ಅರ್ಧ ಕಲಿತವಳ ತಲೇಲಿ ಆ ಅರ್ಧ ಇರಲ್ವೇನೋ?" ಎಂದರು. "ಸತ್ತವನ ಹತ್ರ ಯಾಕೆ ಹುಡುಕ್ತೀಯ? ದಿನದಿನಾ ಕಲಿತದ್ದನ್ನ ದಿನದಿನಾ ಅವಳ ಲೆಕ್ಕಕ್ಕೇ ಹಾಕು. ಉಳಿದದ್ದನ್ನ ಅವಳು ಇನ್ನೊಂದು ಗುಡಿಗೆ ಹೋಗಿ ನೋಡಿ ಕಲೀತಾಳೆ."

ಹೇಮಂತ್ ಮೊದಲ ಬಾರಿ ತಲೆಯೆತ್ತಿದ.

"ಇದನ್ನ ಹೇಳಿದೆ ಅಂತ ಕ್ಷಮಿಸಿದೆ ಅಂದ್ಕೋಬೇಡ," ಎಂದರು ಇಂದುಧರ. "ಅದಕ್ಕೆ ಇನ್ನೂ ಹೊತ್ತು ಬೇಕು. ಊರೆಲ್ಲ ನೋಡುವ ಹಾಗೆ ನನ್ನ ಹೆಸರು ಹೇಳಿದೆ. ಊರೆಲ್ಲ ನೋಡುವ ಹಾಗೆ ನಿನ್ನ ಹೆಸರೂ ಹೇಳು."

*

ಮೈಸೂರಿನ ಕಂಪನಿ ಮತ್ತೆ ಬರಲಿಲ್ಲ. ಹೇಮಂತ್ ನಿಜ ಬರೆದು ಕಳಿಸಿದ ಮೇಲೆ ಚುಟುಕಾಗಿ ಬೇಡವೆಂದರು. ರಮಾ ಅವನೊಂದಿಗೆ ಮಾತು ಬಿಟ್ಟಳು. ಆದರೆ ಸ್ಕ್ರಿಪ್ಟ್ ಬಿಡಲಿಲ್ಲ. ಅಕ್ಷತಾಳೊಂದಿಗೆ ಕೂತು ಇಂದುಧರ ಹೇಳಿದಂತೆ ತಿದ್ದತೊಡಗಿದಳು. ಅದೂ ಸಲೀಸಾಗಿ ಆಗಲಿಲ್ಲ. ಅವರಿಬ್ಬರ ಜಗಳ ಕೆಳಗಿನ ಮಂಡಿಗೂ ಕೇಳುತ್ತಿತ್ತಂತೆ.

ಹೇಮಂತ್ ವಿಡಿಯೋ ಮಾಡಿ ಹಾಕುತ್ತೇನೆ ಎಂದಿದ್ದ. ಹೇಮಕ್ಕ, "ಅದನ್ನೂ ಹಾಕು. ಮೊದಲು ಹಳೇಬೀಡಿಗೆ ನಡಿ," ಎಂದರು. ನಾವು ಬೆಳಗಿನ ಬಸ್ಸಿಗೇ ಹೋದೆವು. ಗುಡಿಯ ಹುಲ್ಲುಹಾಸಿನ ಪಕ್ಕದ ಮರದಡಿ ಗೈಡುಗಳೆಲ್ಲ ಚಹಾ ಕುಡಿಯುತ್ತಾ ನಿಂತಿದ್ದರು. ಇಂದುಧರ ಬಹಳ ದಿನಗಳ ಮೇಲೆ ಇಸ್ತ್ರಿ ಮಾಡಿದ ಅಂಗಿ ಹಾಕಿ ಬಂದಿದ್ದರು. ಆದರೂ ಗುಂಪಿನಿಂದ ಸ್ವಲ್ಪ ದೂರವೇ ನಿಂತಿದ್ದರು.

ಹೇಮಂತ್ ಗುಂಪಿನ ನಡುವೆ ಹೋಗಿ ನಿಂತ. ಎರಡು ಸಲ ಶುರುಮಾಡಿ ನಿಲ್ಲಿಸಿದ. ಮೂರನೆಯ ಸಲ ಪೂರ್ತಿ ಹೇಳಿದ. ಸಾಲು ಬರೆದದ್ದು ತಾನು, ಹೆಸರು ಅವರದು ಹಾಕಿದ್ದು ತಾನು, ಕಾರಣ ತನಗೆ ಬಾರದ್ದನ್ನು ಬರುತ್ತದೆ ಎಂದದ್ದು. ಯಾರೂ ಬೈಯಲಿಲ್ಲ. ಹಿರಿಯ ಗೈಡು ಪುಟ್ಟಸ್ವಾಮಿ ಲೋಟ ಕೆಳಗಿಟ್ಟು ಇಂದುಧರರ ಬಳಿಗೆ ನಡೆದರು. ಅವರ ಹೆಗಲ ಮೇಲೆ ಕೈಯಿಟ್ಟು ನಿಂತರು.

ಅಷ್ಟರಲ್ಲಿ ತುಮಕೂರಿನ ಕಡೆಯ ಒಂದು ಶಾಲೆಯ ಬಸ್ಸು ಬಂತು. ಮಕ್ಕಳು ಗಲಾಟೆ ಮಾಡುತ್ತಾ ಇಳಿದರು. ಅವರ ಮೇಷ್ಟ್ರು, "ಗೈಡ್ ಯಾರಿದ್ದೀರ್ರೀ?" ಎಂದು ಕೂಗಿದರು. ಸರದಿ ಪುಟ್ಟಸ್ವಾಮಿಯವರದು. ಅವರು ಇಂದುಧರರನ್ನು ಮುಂದೆ ತಳ್ಳಿದರು.

ಇಂದುಧರ ಗಂಟಲು ಸರಿಮಾಡಿಕೊಂಡರು. ಒಡೆದ ದನಿ ಮೊದಲ ವಾಕ್ಯಕ್ಕೆ ಸಿಕ್ಕಿಕೊಂಡು ಎರಡನೆಯದಕ್ಕೆ ತೆರೆದುಕೊಂಡಿತು. "ಚಪ್ಪಲಿ ಇಲ್ಲಿ ಬಿಡಿ ಮಕ್ಕಳೇ. ಕೆಳಗಿನ ಸಾಲಿನ ಆನೆಗಳಿಂದ ಶುರುಮಾಡೋಣ. ಯಾವ ಎರಡು ಆನೆ ಒಂದೇ ಥರ ಇವೆ ಅಂತ ಹುಡುಕಿ ನೋಡೋಣ."

ಮಕ್ಕಳು ಅವರ ಹಿಂದೆ ಓಡಿದರು. ಹೇಮಂತ್ ಚಪ್ಪಲಿ ಬಿಟ್ಟು ಗುಂಪಿನ ಕೊನೆಯಲ್ಲಿ ಸೇರಿಕೊಂಡ. ಇಂದುಧರ ಒಮ್ಮೆ ತಿರುಗಿ ಅವನನ್ನು ನೋಡಿದರು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.